ಮನೆಯಲ್ಲಿ ಕೂತವರು ಯಾರೂ ಇಲ್ಲ

ಮಾರ್ಚ್ ತಿಂಗಳು ಬಂತೆಂದರೆ ಪತ್ರಿಕೆಗಳ ಸಂಪಾದಕೀಯ ಪುಟಕ್ಕೆ ಒಂದು ಲೇಖನ ತಪ್ಪದೆ ಬರುತ್ತದೆ. ದೇಶದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ದುಡಿಯುತ್ತಿಲ್ಲ. ಅವರೆಲ್ಲ ವರ್ಕ್‌ಫೋರ್ಸಿಗೆ ಸೇರಿದರೆ ಜಿಡಿಪಿ ಜಿಗಿಯುತ್ತದೆ. ಅದಕ್ಕಾಗಿ ಅವರಿಗೆ ಕೌಶಲ ಕಲಿಸಬೇಕು, ಧೈರ್ಯ ತುಂಬಬೇಕು, ಮನೆಯಿಂದ ಹೊರಗೆ ತರಬೇಕು. ಮೆಕಿನ್ಸೆಯ ಸಂಶೋಧನಾ ವಿಭಾಗ 2015ರಲ್ಲಿ ಇಂಥದ್ದೇ ಒಂದು ಲೆಕ್ಕ ಕೊಟ್ಟಿತ್ತು. ಹೆಂಗಸರು ಗಂಡಸರಿಗೆ ಸರಿಸಮನಾಗಿ ಆರ್ಥಿಕತೆಯಲ್ಲಿ ಪಾಲ್ಗೊಂಡರೆ 2025ರ ಹೊತ್ತಿಗೆ ಭಾರತದ ಜಿಡಿಪಿಗೆ 2.9 ಲಕ್ಷ ಕೋಟಿ ಡಾಲರ್ ಹೆಚ್ಚುವರಿಯಾಗಿ ಸೇರಬಹುದಂತೆ. 2025 ಬಂದು ಹೋಯಿತು. ಆ ಅಂಕಿ ಹಿಡಿದು ಭಾಷಣ ಮಾಡಿದವರು ಈಗ 2047ರ ಅಂಕಿ ಹಿಡಿದಿದ್ದಾರೆ.

ಹೀಗೆ ಬರೆಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳ ಹಿತೈಷಿಗಳೇ. ಅದಕ್ಕೇ ಈ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ. ಎಡದವರೂ ಒಪ್ಪುತ್ತಾರೆ, ಬಲದವರೂ ಒಪ್ಪುತ್ತಾರೆ, ಉದ್ಯಮಿಗಳಂತೂ ಚಪ್ಪಾಳೆ ತಟ್ಟುತ್ತಾರೆ. ನನ್ನ ತಕರಾರು ಇಷ್ಟೇ: ಈ ಮಾತು ಬುಡದಲ್ಲೇ ಸುಳ್ಳು. ಅಂಕಿಗಳನ್ನು ಯಾರೋ ತಿದ್ದಿದ್ದಾರೆ ಎಂದು ನಾನು ಹೇಳುತ್ತಿಲ್ಲ. ದುಡಿಯುವವರ ಪಟ್ಟಿಯನ್ನು ನಾವು ದುಡಿಮೆಯ ಅಳತೆ ಎಂದು ಓದುತ್ತಿದ್ದೇವೆ, ಅದು ಅಳತೆಯಲ್ಲ. ಯಾರ ಕೆಲಸಕ್ಕೆ ಕೂಲಿ, ರಜೆ, ಪಿಂಚಣಿ, ಪರಿಹಾರ ಎಂದು ಬಾಕಿ ತೀರಿಸಬೇಕು, ಯಾರ ಕೆಲಸಕ್ಕೆ ಏನೂ ಕೊಡದೆ ಇದ್ದರೂ ನಡೆಯುತ್ತದೆ ಎಂದು ಎಳೆದ ಗೆರೆ ಅದು. ಗೆರೆಯಾಚೆ ಇರುವವರಿಗೆ ‘ಬನ್ನಿ, ದುಡಿಯಿರಿ’ ಎಂದು ಉಪದೇಶ ಮಾಡುವವರು ಆ ಗೆರೆ ಎಳೆದವರು ಯಾರು ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಮೊದಲು ಪಟ್ಟಿಯನ್ನೇ ನೋಡೋಣ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ, ಪಿಎಲ್‌ಎಫ್‌ಎಸ್ ಎಂದು ಎಲ್ಲರೂ ಕರೆಯುವುದು, 2017ರಿಂದ ನಡೆಯುತ್ತಿದೆ. ಮನೆಮನೆಗೆ ಬರುವ ಗಣತಿದಾರರ ಬಳಿ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಸ್ವಂತ ಕಸುಬಿನವರಿಗೆ 11, ಆಳು ಇಟ್ಟುಕೊಂಡು ಕಸುಬು ಮಾಡುವವರಿಗೆ 12, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರಿಗೆ 21, ಸಂಬಳದವರಿಗೆ 31, ಕೂಲಿಯವರಿಗೆ 51, ಕೆಲಸ ಹುಡುಕುತ್ತಿರುವವರಿಗೆ 81. ಇವರೆಲ್ಲ ಒಳಗಿನವರು. ಹೊರಗಿನವರ ಸಂಖ್ಯೆ 91ರಿಂದ ಶುರು. ವಿದ್ಯಾರ್ಥಿಗಳು 91. ಬರೀ ಮನೆಗೆಲಸ ಮಾಡುವವರು 92. ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವು ತರುವವರು, ಮನೆಮಂದಿಗಾಗಿ ಬಟ್ಟೆ ಹೊಲಿಯುವವರು, ನೇಯುವವರು 93. ಬಾಡಿಗೆಯಲ್ಲೋ ಪಿಂಚಣಿಯಲ್ಲೋ ಬದುಕುವವರು 94. ಭಿಕ್ಷೆ ಬೇಡುವವರೂ ವೇಶ್ಯಾವೃತ್ತಿಯವರೂ 97.

93ನ್ನು ಇನ್ನೊಂದು ಸಲ ಓದಿ. ಸೌದೆ ತರುವುದು, ಹುಲ್ಲು ಕೊಯ್ಯುವುದು, ನೇಯುವುದು, ಹೊಲಿಯುವುದು. ಸರ್ಕಾರದ ಬರಹದಲ್ಲೇ ಕೆಲಸಗಳ ಹೆಸರು ಸಾಲಾಗಿ ನಿಂತಿವೆ. ಅಷ್ಟನ್ನೂ ಬರೆದುಕೊಂಡು, ಮಾಡಿದವಳನ್ನು ಕೆಲಸವಿಲ್ಲದವರ ಸಾಲಿಗೆ ಸೇರಿಸಿದ್ದಾರೆ. ಯಾರಿಗೂ ಗೊತ್ತಾಗದೆ ನಡೆದ ತಪ್ಪಾಗಿದ್ದರೆ ತಿದ್ದಿಕೊಳ್ಳಲಿ ಎನ್ನಬಹುದಿತ್ತು. ಇದು ಗೊತ್ತಿದ್ದೇ ಮಾಡಿದ ವಿಂಗಡಣೆ.

ಈ ವಿಂಗಡಣೆ ನೆಲದ ಮೇಲೆ ಹೇಗೆ ನಡೆಯುತ್ತದೆ ಎಂದು ನೋಡಬೇಕಾದರೆ ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಯಾವುದಾದರೂ ಮನೆಗೆ ಹೋಗಬೇಕು. ಹುಳ ನಾಲ್ಕನೇ ಜ್ವರದಿಂದ ಎದ್ದ ಮೇಲಿನ ವಾರ ಹೋದರೆ ಇನ್ನೂ ಒಳ್ಳೆಯದು. ಹುಳ ಪೊರೆ ಬಿಡುವ ಹೊತ್ತಿಗೆ ಮೇವು ಬಿಟ್ಟು ಅಲ್ಲಾಡದೆ ಮಲಗುತ್ತದೆ, ಅದನ್ನೇ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳಕ್ಕೆ ಹೊಟ್ಟೆಬಾಕ ಹಸಿವು. ಒಂದು ಬೆಳೆ ತಿನ್ನುವ ಒಟ್ಟು ಹಿಪ್ಪುನೇರಳೆ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಗಿಲಾದ ಪಾಲು ಈ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಹುಳದ ಮನೆಯ ಬಾಗಿಲಲ್ಲಿ ನಿಂತರೆ ಮಳೆ ಹನಿದ ಹಾಗೆ ಸದ್ದು, ಅಷ್ಟೂ ಹುಳು ಒಟ್ಟಿಗೆ ಮೇಯುವ ಸದ್ದು. ಬೆಳಗಿನ ಜಾವ ಒಂದು ಸಲ ಸೊಪ್ಪು, ಹೊತ್ತು ಏರಿದ ಮೇಲೆ ಇನ್ನೊಂದು ಸಲ, ರಾತ್ರಿ ಮಲಗುವ ಮುಂಚೆ ಮತ್ತೊಂದು ಸಲ. ನಡುವೆ ಹಿಕ್ಕೆ ತೆಗೆಯಬೇಕು, ಸುಣ್ಣದ ಪುಡಿ ಎರಚಬೇಕು, ಸೆಕೆಯಾದರೆ ಗೋಣಿ ನೆನೆಸಿ ಕಿಟಕಿಗೆ ಕಟ್ಟಬೇಕು. ರೋಗದ ಹುಳ ಒಂದು ಕಣ್ಣಿಗೆ ಬಿದ್ದರೆ ಆರಿಸಿ ಎಸೆಯಬೇಕು, ಇಲ್ಲದಿದ್ದರೆ ಬೆಳೆಯೇ ಹೋಯಿತು. ಹುಳ ಹಣ್ಣಾದಾಗ ಮೈ ಅರೆಪಾರದರ್ಶಕವಾಗಿ ಹಳದಿಗೆ ತಿರುಗುತ್ತದೆ. ಆ ಬಣ್ಣ ಗುರುತಿಸಿ ಒಂದೊಂದನ್ನೇ ಆಯ್ದು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವುದು ಕಣ್ಣಿನ ಕೆಲಸ. ಅನೇಕ ಮನೆಗಳಲ್ಲಿ ಅದು ಹೆಂಗಸರ ಕೆಲಸ. ಗೂಡು ಕಟ್ಟಿದ ಮೇಲೆ ಬಿಡಿಸಿ ಚೀಲಕ್ಕೆ ತುಂಬಿದರೆ ಗಂಡಸು ಅದನ್ನು ಮಾರುಕಟ್ಟೆಗೆ ಒಯ್ಯುತ್ತಾನೆ. ಹರಾಜಿನ ಚೀಟಿ ಅವನ ಹೆಸರಿಗೆ, ಹಣ ಅವನ ಖಾತೆಗೆ.

ಈಗ ಗಣತಿದಾರ ಬಾಗಿಲಿಗೆ ಬಂದಿದ್ದಾನೆ ಎಂದುಕೊಳ್ಳಿ. ಜಗುಲಿಯ ಮೇಲೆ ಕೂತ ಯಜಮಾನನನ್ನು ಕೇಳುತ್ತಾನೆ: ‘ನಿಮ್ಮ ಮನೆಯವರು ಏನು ಮಾಡ್ತಾರೆ?’

‘ಏನಿಲ್ಲ ಸಾರ್, ಮನೇಲೇ ಇರ್ತಾಳೆ.’

92. ಮುಗಿಯಿತು. ಆಕೆ ಆ ಗಳಿಗೆಯಲ್ಲಿ ಹತ್ತು ಮಾರು ದೂರದ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದರೂ ಅಷ್ಟೇ. ಗಣತಿದಾರನಿಗೆ ಸ್ವಲ್ಪ ಸಮಯವಿದ್ದು, ತರಬೇತಿಯಲ್ಲಿ ಹೇಳಿಕೊಟ್ಟದ್ದು ನೆನಪಿದ್ದು, ‘ಹುಳ ನೋಡ್ಕೊಳ್ಳೋದು ಯಾರು?’ ಎಂದು ಇನ್ನೊಂದು ಪ್ರಶ್ನೆ ಕೇಳಿದರೆ ಅದೇ ಹೆಂಗಸು 21 ಆಗುತ್ತಾಳೆ. ಮನೆಯೂ ಅದೇ, ಹುಳವೂ ಅದೇ, ಬೆವರೂ ಅದೇ. ಒಂದು ಪ್ರಶ್ನೆ ಹೆಚ್ಚು ಕೇಳಿದ್ದಕ್ಕೆ ದೇಶಕ್ಕೆ ಒಬ್ಬ ದುಡಿಮೆಗಾರ್ತಿ ಹೆಚ್ಚಾದಳು.

ಇದು ಉತ್ಪ್ರೇಕ್ಷೆ ಎನ್ನುವವರು ಇದೇ ಸಮೀಕ್ಷೆಯ ಅಂಕಿಗಳನ್ನು ನೋಡಲಿ. ಹದಿನೈದು ವರ್ಷ ದಾಟಿದ ಹೆಂಗಸರಲ್ಲಿ ದುಡಿಮೆಯ ಬಲಕ್ಕೆ ಸೇರಿದವರು 2017-18ರಲ್ಲಿ ಶೇ 23.3. ಆರು ವರ್ಷ ಕಳೆದು 2023-24ಕ್ಕೆ ಬಂದರೆ ಶೇ 41.7. ಜಗತ್ತಿನ ಯಾವ ದೊಡ್ಡ ದೇಶದಲ್ಲಾದರೂ ಆರು ವರ್ಷಕ್ಕೆ ಇಷ್ಟೊಂದು ಹೆಂಗಸರಿಗೆ ಹೊಸ ಉದ್ಯೋಗ ಸಿಕ್ಕಿದ್ದರೆ ಅದನ್ನು ನೋಡಲು ಜನ ಜಾತ್ರೆಗೆ ಬಂದ ಹಾಗೆ ಬರುತ್ತಿದ್ದರು. ಸರ್ಕಾರ ಇದನ್ನು ತನ್ನ ಸಾಧನೆ ಎಂದಿತು. ಆದರೆ ಒಳಗಿನ ಕೋಷ್ಟಕ ತೆರೆದರೆ, ದುಡಿಯುತ್ತಿದ್ದಾರೆ ಎಂದು ಎಣಿಸಿದ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ 21ರವರು, ಅಂದರೆ ಮನೆಯ ಕಸುಬಿನಲ್ಲಿ ಒಂದು ರೂಪಾಯಿ ಕೈಗೆ ಬಾರದೆ ದುಡಿಯುವವರು. ಕೋವಿಡ್ ನಂತರ ಸಂಸಾರ ನಡೆಯದೆ ಹೊಲಕ್ಕೆ, ಕೊಟ್ಟಿಗೆಗೆ ಇಳಿದವರೂ ಇದರಲ್ಲಿ ಇದ್ದಾರೆ, ಎಣಿಕೆ ಸುಧಾರಿಸಿದ್ದರಿಂದ ಕಾಣಿಸಿಕೊಂಡವರೂ ಇದ್ದಾರೆ. ಅರ್ಥಶಾಸ್ತ್ರಜ್ಞರು ಯಾವುದು ಎಷ್ಟು ಎಂದು ಜಗಳವಾಡುತ್ತಿದ್ದಾರೆ, ಆಡಲಿ. ನನಗೆ ಬೇಕಾದ್ದು ಇಷ್ಟು: ಅಂಕಿ ಕಡಿಮೆಯಿದ್ದಾಗ ‘ಇವರು ದುಡಿಯುವುದಿಲ್ಲ’ ಎಂದು ಬುದ್ಧಿ ಹೇಳಲು ಈ ಹೆಂಗಸರು ಬೇಕಾಗಿದ್ದರು, ಹೆಚ್ಚಾದಾಗ ‘ನೋಡಿ, ದುಡಿಯುತ್ತಿದ್ದಾರೆ’ ಎಂದು ಬೆನ್ನು ತಟ್ಟಿಕೊಳ್ಳಲೂ ಇವರೇ ಬೇಕಾದರು. ಎರಡು ಸಲವೂ ಅವರ ಕೈಗೆ ಏನೂ ಬರಲಿಲ್ಲ.

ಗೆರೆಯ ತಮಾಷೆ ಇನ್ನೂ ಇದೆ. ಹೊಲದಲ್ಲಿ ಮನೆಗಾಗಿ ರಾಗಿ ಬೆಳೆದರೆ ಸಮೀಕ್ಷೆಯ ಕಣ್ಣಿಗೆ ಅದು ಆರ್ಥಿಕ ಚಟುವಟಿಕೆ. ಅದೇ ರಾಗಿಯನ್ನು ಹಸನು ಮಾಡಿ, ಬೀಸಿ, ಹಿಟ್ಟು ಮಾಡಿ ಮನೆಯವರಿಗೆ ಮುದ್ದೆ ತಿರುವಿದರೆ ಅಲ್ಲ. ಬೆಂಗಳೂರಿನ ಮುದ್ದೆ ಊಟದ ಹೋಟೆಲಿನಲ್ಲಿ ಒಲೆ ಮುಂದೆ ನಿಂತು ಕೋಲಿನಲ್ಲಿ ಮುದ್ದೆ ಕೂಡಿಸುವವನು ಮಾತ್ರ ದುಡಿಮೆಗಾರ, ಅವನ ಮುದ್ದೆ ಜಿಡಿಪಿಗೂ ಸೇರುತ್ತದೆ. ಮನೆಯ ಅಡಿಗೆಯನ್ನು ಹೀಗೆ ಹೊರಗಿಡುವುದಕ್ಕೆ ಆಧಾರ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪತ್ರ ಪದ್ಧತಿ. 1953ರಿಂದ ಹಲವು ಸಲ ತಿದ್ದಿ ಬಂದಿರುವ ಆ ಪದ್ಧತಿ ಒಂದು ನಿಯಮವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಮನೆಯವರು ಮನೆಯವರಿಗಾಗಿಯೇ ಸಂಬಳವಿಲ್ಲದೆ ಮಾಡುವ ಸೇವೆ ಉತ್ಪಾದನೆಯಲ್ಲ. ಅಡಿಗೆ, ಗುಡಿಸುವುದು, ಮಗು ಸಾಕುವುದು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವುದು ಎಲ್ಲ ಹೊರಗೆ. ಆದರೆ ಈ ನಿಯಮಕ್ಕೆ ಒಂದು ಅಪವಾದವಿದೆ. ನೀವು ಸ್ವಂತ ಮನೆಯಲ್ಲಿ ವಾಸವಾಗಿದ್ದರೆ, ಆ ಮನೆಗೆ ನೀವೇ ನಿಮಗೆ ಬಾಡಿಗೆ ಕೊಡುತ್ತಿದ್ದೀರಿ ಎಂದು ಊಹಿಸಿ, ಯಾರೂ ಯಾರಿಗೂ ಕೊಡದ ಆ ಬಾಡಿಗೆಯನ್ನು ಜಿಡಿಪಿಗೆ ಸೇರಿಸುತ್ತಾರೆ. ಮನೆಯೊಳಗೆ ದಿನವಿಡೀ ನಡೆಯುವ ಕೆಲಸಕ್ಕೆ ಬೆಲೆ ಕಟ್ಟುವುದು ಕಷ್ಟ ಎನ್ನುವವರು ಸುಮ್ಮನೆ ನಿಂತ ಗೋಡೆಗಳಿಗೆ ಬೆಲೆ ಕಟ್ಟುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಾರೆ. ನ್ಯೂಜಿಲೆಂಡಿನ ಮರಿಲಿನ್ ವೇರಿಂಗ್ ಇಂಥ ಅಸಂಗತಗಳನ್ನು 1988ರಷ್ಟು ಹಿಂದೆಯೇ ಒಂದು ಇಡೀ ಪುಸ್ತಕದಲ್ಲಿ ಬಿಡಿಸಿಟ್ಟರು. ಹೊಗಳಿದವರು ಬಹಳ, ತಿದ್ದಿದವರು ಕಡಿಮೆ.

ಇದು ಪ್ರಾಚೀನ ಕಾಲದಿಂದ ಬಂದ ರೂಢಿ, ಜಗತ್ತೇ ಹೀಗೆ ಎಣಿಸುತ್ತದೆ ಎಂಬ ಸಮಾಧಾನವೂ ಸಲ್ಲದು. ಬ್ರಿಟನ್ನಿನ 1851ರ ಜನಗಣತಿ ಗೃಹಿಣಿಯರಿಗೆ ಒಂದು ಪ್ರತ್ಯೇಕ ವರ್ಗವನ್ನೇ ಕೊಟ್ಟಿತ್ತು. ಅವರ ಕೆಲಸ ಕೆಲಸವೇ ಎಂಬ ಒಪ್ಪಿಗೆ ಅದರಲ್ಲಿತ್ತು. 1881ರ ಹೊತ್ತಿಗೆ ಅದೇ ಇಂಗ್ಲೆಂಡಿನ ಗಣತಿ ಅವರನ್ನು ಉದ್ಯೋಗವಿಲ್ಲದವರ ಸಾಲಿಗೆ ತಳ್ಳಿತು. ಮಾರುಕಟ್ಟೆಯ ದುಡಿಮೆಯೊಂದೇ ದುಡಿಮೆ ಎಂದು ಅರ್ಥಶಾಸ್ತ್ರ ತೀರ್ಮಾನಿಸುತ್ತಿದ್ದ ಕಾಲ ಅದು. ಭಾರತದ ಮೊದಲ ಏಕಕಾಲದ ಜನಗಣತಿ ನಡೆದದ್ದೂ 1881ರಲ್ಲೇ, ಅದೇ ಸಾಮ್ರಾಜ್ಯದ ಕೈಕೆಳಗೆ. ಗೆರೆಗೆ ಹುಟ್ಟಿದ ವರ್ಷ ಇದೆ, ಎಳೆದವರ ಕಚೇರಿಯೂ ಗೊತ್ತಿದೆ.

ಹೊರಗಿಟ್ಟರೆ ಏನಾಯಿತು, ಎಣಿಕೆಯಲ್ಲಿ ಏನಿದೆ ಎಂದು ಕೇಳುವವರು ರಸ್ತೆ ಅಪಘಾತದ ಪರಿಹಾರ ಪ್ರಕರಣಗಳನ್ನು ಓದಬೇಕು. 1988ರ ಮೋಟಾರು ವಾಹನ ಕಾಯ್ದೆಯ ಎರಡನೇ ಅನುಸೂಚಿ ಗೃಹಿಣಿಯ ಬೆಲೆಯನ್ನು ಗಂಡನ ಆದಾಯದ ಮೂರನೇ ಒಂದು ಭಾಗ ಎಂದು ಗೊತ್ತುಪಡಿಸಿತ್ತು. ಸಾಹುಕಾರನ ಹೆಂಡತಿ ಮಾಡಿದ ಅಡಿಗೆ ದುಬಾರಿ, ಕೂಲಿಯವನ ಹೆಂಡತಿ ಮಾಡಿದ್ದು ಅಗ್ಗ! ಇಂಥ ಒಂದು ಪ್ರಕರಣ 2010ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಅಪಘಾತದಲ್ಲಿ ಸತ್ತ ಗೃಹಿಣಿಗೆ ಕೆಳಗಿನ ನ್ಯಾಯಮಂಡಳಿ ಕೊಟ್ಟಿದ್ದ ಎರಡೂವರೆ ಲಕ್ಷವನ್ನು ಕೋರ್ಟು ಆರು ಲಕ್ಷಕ್ಕೆ ಏರಿಸಿತು. ನ್ಯಾಯಮೂರ್ತಿ ಎ.ಕೆ. ಗಂಗೂಲಿ ಅಷ್ಟಕ್ಕೇ ನಿಲ್ಲದೆ ಜನಗಣತಿಯನ್ನೇ ಎತ್ತಿಕೊಂಡರು. 2001ರ ಗಣತಿ ಮನೆಗೆಲಸದ ಸುಮಾರು 36 ಕೋಟಿ ಹೆಂಗಸರನ್ನು ಭಿಕ್ಷುಕರು, ಕೈದಿಗಳು, ವೇಶ್ಯೆಯರ ಜೊತೆ ಒಂದೇ ಸಾಲಿನಲ್ಲಿ ಕೂರಿಸಿದೆ ಎಂದು ಖಾರವಾಗಿ ಬರೆದರು. 2021ರ ಜನವರಿಯಲ್ಲಿ ಇನ್ನೊಂದು ಅಪಘಾತ ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅದೇ ದಾರಿಯಲ್ಲಿ ಮುಂದೆ ಹೋಗಿ ಸಮಯ ಬಳಕೆಯ ಸಮೀಕ್ಷೆಯನ್ನೇ ಉಲ್ಲೇಖಿಸಿದರು. 2019ರ ಆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾಳೆ, ಮನೆಗೆಲಸ ಮಾಡುವ ಗಂಡಸು 97. ಬದುಕಿರುವಾಗ ಸೊನ್ನೆ ಎಂದು ಎಣಿಸಿದ ಕೆಲಸಕ್ಕೆ ಸತ್ತ ಮೇಲೆ ಕೋರ್ಟು ಬೆಲೆ ಕಟ್ಟಬೇಕಾಗಿ ಬಂದಿದೆ. ವಿಮಾ ಕಂಪನಿಯ ವಕೀಲ ಮಾತ್ರ ‘ಆಕೆಗೆ ಆದಾಯವಿರಲಿಲ್ಲ ಸ್ವಾಮಿ’ ಎನ್ನುತ್ತಲೇ ಇರುತ್ತಾನೆ. ಅವನ ಕೈಗೆ ಆ ವಾದ ಕೊಟ್ಟದ್ದು ನಮ್ಮ ಎಣಿಕೆಯೇ.

ಹೊಲದ ವಿಚಾರಕ್ಕೆ ಬಂದರೆ ಇನ್ನೂ ಕ್ರೂರ. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು ಬಿತ್ತಿ, ಕಳೆ ಕಿತ್ತು, ಕೊಯ್ದು, ಒಕ್ಕಣೆ ಮಾಡಿ, ಕೊನೆಗೆ ಸಾಲಕ್ಕೆ ಹೆದರಿ ಜೀವ ಕಳೆದುಕೊಂಡರೂ ರೈತರ ಆತ್ಮಹತ್ಯೆಯ ಲೆಕ್ಕಕ್ಕೆ ಬಾರದೆ ಗೃಹಿಣಿಯ ಲೆಕ್ಕಕ್ಕೆ ಹೋಗುತ್ತಾಳೆ ಎಂದು ಪತ್ರಕರ್ತ ಪಿ. ಸಾಯಿನಾಥ್ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಇಷ್ಟು ಹೇಳಿದ ಮೇಲೆ ಹಿತೈಷಿಗಳು ಒಂದು ಮಾತು ಎತ್ತುತ್ತಾರೆ: ಅದಕ್ಕೇ ಅಲ್ಲವೇ ನಾವು ಹೊರಗೆ ಬನ್ನಿ ಎನ್ನುತ್ತಿರುವುದು, ಹೊರಗೆ ಬಂದರೆ ಎಣಿಕೆಯೂ ಆಗುತ್ತದೆ, ಸಂಬಳವೂ ಸಿಗುತ್ತದೆ. ಹೊರಗೆ ಬಂದವರ ಕಥೆ ನೋಡೋಣ.

ಆಶಾ ಕಾರ್ಯಕರ್ತೆಯರು ಹೊರಗೆ ಬಂದವರೇ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ ಈ ಹುದ್ದೆ ಹುಟ್ಟಿತು. ಹುದ್ದೆ ಎಂದೆನಲ್ಲ, ಸರ್ಕಾರದ ಪ್ರಕಾರ ಅದು ಹುದ್ದೆಯೂ ಅಲ್ಲ, ಅವರು ಸ್ವಯಂಸೇವಕಿಯರು. ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವಳ ಜೊತೆ ಆಂಬುಲೆನ್ಸ್ ಹತ್ತುವುದು, ಬಾಣಂತಿಯ ಮನೆಗೆ ದಿನ ಲೆಕ್ಕ ಹಾಕಿ ಹೋಗುವುದು, ಲಸಿಕೆಯ ದಿನ ಮಕ್ಕಳನ್ನು ಕರೆದುಕೊಂಡು ಬರುವುದು, ಕ್ಷಯದವರಿಗೆ ಮಾತ್ರೆ ಮುಟ್ಟಿಸುವುದು, ಲಾರ್ವಾ ಸಮೀಕ್ಷೆ, ಕುಷ್ಠದ ಸಮೀಕ್ಷೆ, ಹೊಸದಾಗಿ ಯಾವ ಸಮೀಕ್ಷೆ ಹುಟ್ಟಿದರೂ ಅದು. ಕೋವಿಡ್ ಕಾಲದಲ್ಲಿ ಇವರು ಮನೆಮನೆ ತಿರುಗಿದ್ದನ್ನು ಎಲ್ಲರೂ ಕಂಡಿದ್ದೇವೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಕರ್ನಾಟಕದ ಸುಮಾರು 42 ಸಾವಿರ ಆಶಾಗಳ ದೂರು ಪ್ರಶಸ್ತಿಗಿಂತ ಹಳೆಯದು: ಮಾಡಿದ ಕೆಲಸವೆಲ್ಲ ಪೋರ್ಟಲ್‌ನಲ್ಲಿ ಸರಿಯಾಗಿ ಏರದೆ ಪ್ರೋತ್ಸಾಹಧನ ಖೋತಾ ಆಗುತ್ತದೆ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ಕೇಳಿದ್ದು ತಿಂಗಳಿಗೆ ಹದಿನೈದು ಸಾವಿರ. ಹತ್ತು ಸಾವಿರಕ್ಕೆ ಕಡಿಮೆಯಾಗದಂತೆ ಕೊಡುತ್ತೇವೆ ಎಂಬ ಭರವಸೆ ಪಡೆದು ಊರಿಗೆ ಹೋದರು. ಕೆಲಸಗಾರರು ಎಂದು ಒಪ್ಪಿಕೊಂಡರೆ ಕನಿಷ್ಠ ವೇತನದ ಕಾನೂನು ಅನ್ವಯಿಸುತ್ತದೆ. ಸ್ವಯಂಸೇವಕಿ ಎಂದರೆ ಭರವಸೆ ಕೊಟ್ಟು ಕಳಿಸಬಹುದು.

ಅಂಗನವಾಡಿಯದು ಇನ್ನೂ ಹಳೆಯ ಕಥೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗ ನಮ್ಮ ಟಿ. ನರಸೀಪುರವೂ ಅದರಲ್ಲಿತ್ತು. ಐವತ್ತು ವರ್ಷದ ಮೇಲೂ ಅಲ್ಲಿ ದುಡಿಯುವವರು ಯಾರು ಎಂಬುದು ಇತ್ಯರ್ಥವಾಗಿಲ್ಲ. ಅವರು ಸರ್ಕಾರಿ ಹುದ್ದೆಯಲ್ಲಿಲ್ಲ ಎಂದು ವಾದಿಸಲು ಕರ್ನಾಟಕ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು, 2006ರಲ್ಲಿ ಗೆದ್ದೂ ಬಂತು. ಇವರನ್ನೆಲ್ಲ ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ ಕೊಡಿ ಎಂದು 2013ರ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಮಾಡಿದ ಶಿಫಾರಸು ಅದು. ಕಡತದಲ್ಲಿದೆ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಅಂಗನವಾಡಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇವರಿಗೆ 1972ರ ಗ್ರಾಚ್ಯುಯಿಟಿ ಕಾಯ್ದೆ ಅನ್ವಯಿಸುತ್ತದೆ ಎಂದು ತೀರ್ಪಿತ್ತಿತು. ಆಮೇಲೆ ಕರ್ನಾಟಕವೂ ಕೊಡಲು ಒಪ್ಪಿತು. ಕೋರ್ಟಿನ ಬಾಗಿಲು ತಟ್ಟದೆ ಯಾವ ಬಾಕಿಯೂ ತಾನಾಗಿ ತೀರಲಿಲ್ಲ.

ಹೊರಗೆ ಬಂದರೆ ಸಾಕು ಎನ್ನುವವರು ಇದಕ್ಕೆ ಏನೆನ್ನುತ್ತಾರೆ? ಹೊಸಿಲು ದಾಟಿದರೂ ಗೆರೆ ಅವರ ಜೊತೆಗೇ ನಡೆದು ಬಂದಿದೆ. ಗಂಡಸರಿಗೂ ಬಂದಿದೆ. ಬೆಂಗಳೂರಿನಲ್ಲಿ ಮಳೆಯಲ್ಲಿ ನೆನೆಯುತ್ತ ಊಟದ ಡಬ್ಬಿ ತಲುಪಿಸುವ ಹುಡುಗನನ್ನು ಆ್ಯಪ್ ಕಂಪನಿಗಳು ಪಾರ್ಟ್‌ನರ್ ಎನ್ನುತ್ತವೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕನನ್ನು ವ್ಯಾಖ್ಯಾನಿಸುವಾಗಲೇ ಮಾಲೀಕ ಮತ್ತು ನೌಕರ ಎಂಬ ಸಾಂಪ್ರದಾಯಿಕ ಸಂಬಂಧದ ಹೊರಗಿನವನು ಎಂದು ಬರೆದಿಟ್ಟಿತು. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಕೊಟ್ಟಿದೆ. ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ. ಆದರೆ ಅದೂ ಅವನನ್ನು ನೌಕರ ಎನ್ನುವ ಧೈರ್ಯ ಮಾಡಲಿಲ್ಲ.

ನೌಕರ ಎನ್ನುವುದು ಆಗದ ಕೆಲಸ, ಮನೆಯಲ್ಲಿ ಕೂತು ಮಾಡುವ ಅಥವಾ ಇಷ್ಟ ಬಂದ ಹೊತ್ತಿಗೆ ಮಾಡುವ ಕೆಲಸಕ್ಕೆ ಕಾನೂನು ಹೊಂದುವುದಿಲ್ಲ ಎಂಬ ವಾದಕ್ಕೆ ಉತ್ತರ ದಕ್ಷಿಣ ಕನ್ನಡದ ಜಗುಲಿಗಳಲ್ಲೇ ಇದೆ. ಬೀಡಿ ಕಟ್ಟುವ ಹೆಂಗಸು ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಅಡಿಗೆಯ ಬಿಡುವಿನಲ್ಲಿ ಎಲೆ ನೆನೆಸಿ ಕತ್ತರಿಸಿ, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಸಾವಿರದ ಲೆಕ್ಕದಲ್ಲಿ ಕಟ್ಟಿ ಒಯ್ದು ಕೊಡುತ್ತಾಳೆ. ಹೊತ್ತು ಅವಳದು, ಜಗುಲಿ ಅವಳದು, ಮೇಸ್ತ್ರಿ ಅಲ್ಲಿ ಇರುವುದಿಲ್ಲ. ಹಾಗಿದ್ದೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳೂ ನೌಕರಳೇ ಎಂದಿತು. ಮಂಗಳೂರಿನವರೂ ಸೇರಿ ಮಾಲೀಕರು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಆಕೆಯ ಕೆಲಸದ ಮೇಲೆ ತಮಗೆ ಹಿಡಿತವೇ ಇಲ್ಲ ಎಂಬುದು ಅವರ ವಾದ. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕಟ್ಟಿ ತಂದ ಬೀಡಿಯನ್ನು ಸರಿಯಿಲ್ಲವೆಂದು ತಳ್ಳಿಹಾಕುವ ಅಧಿಕಾರ ಇದ್ದ ಮೇಲೆ ಅದೂ ಹಿಡಿತವೇ ಎಂಬುದು ಅಲ್ಲಿನ ತರ್ಕ. 1977ರಲ್ಲಿ ಬೀಡಿಯವರು ಭವಿಷ್ಯ ನಿಧಿಯ ವ್ಯಾಪ್ತಿಗೂ ಬಂದರು. ಆ ತರ್ಕವನ್ನು ಇಂದಿನ ಆ್ಯಪ್‌ಗಳಿಗೆ ಹಚ್ಚಿ ನೋಡಿ. ಎರಡು ಸ್ಟಾರ್ ಕಡಿಮೆ ಬಿದ್ದರೆ ಐಡಿ ಬ್ಲಾಕ್ ಮಾಡುವ ಕಂಪನಿಗೆ ಬೀಡಿ ಕಂಪನಿಗಿಂತ ನೂರು ಪಾಲು ಹೆಚ್ಚು ಹಿಡಿತವಿದೆ. ಐವತ್ತು ವರ್ಷಗಳ ಹಿಂದೆ ಜಗುಲಿಗೆ ಹೋಗಲು ಸಾಧ್ಯವಾದ ಕಾನೂನಿಗೆ ಈಗ ಕಾಲು ನೋವು ಬಂದಿದೆಯೇ?

ಗಂಭೀರವಾದ ಆಕ್ಷೇಪ ಒಂದಿದೆ, ಅದನ್ನು ದಾಟಿ ಹೋಗುವುದು ಸರಿಯಲ್ಲ. ಮನೆಯಲ್ಲಿ ಸೊಪ್ಪು ಸೋಸುವುದೂ ಕೆಲಸವೆಂದು ಎಣಿಸಿದರೆ ನಿರುದ್ಯೋಗ ಎಂಬುದೇ ಇರುವುದಿಲ್ಲ, ಬಿ.ಎ. ಓದಿ ಕೆಲಸ ಸಿಗದೆ ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿಯನ್ನೂ ದುಡಿಯುವವಳು ಎಂದು ಬರೆದುಕೊಂಡು ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ನಿಜ. ಆ ಅಪಾಯ ಇಲ್ಲವೆನ್ನಲಾರೆ, 21ರ ಸಂಖ್ಯೆ ಬೆಳೆದಾಗ ಅದು ಈಗಾಗಲೇ ಆಗಿದೆ. ಆದರೆ ಇದಕ್ಕೆ ಪರಿಹಾರ ಹುಡುಕಿ ಹತ್ತು ವರ್ಷಗಳ ಮೇಲಾಯಿತು. 2013ರಲ್ಲಿ ಜಿನೀವಾದಲ್ಲಿ ಸೇರಿದ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಎರಡನ್ನೂ ಬೇರೆ ಮಾಡಿತು. ಸಂಬಳಕ್ಕೋ ಲಾಭಕ್ಕೋ ಮಾಡುವುದು ಉದ್ಯೋಗ. ಅದನ್ನು ಬಿಗಿಯಾಗಿ ಎಣಿಸಿ, ನಿರುದ್ಯೋಗದ ಅಂಕಿಯನ್ನು ಅದರಿಂದಲೇ ತೆಗೆಯಿರಿ. ತನಗಾಗಿ, ಮನೆಯವರಿಗಾಗಿ, ಊರಿಗಾಗಿ ಮಾಡುವುದೂ ದುಡಿಮೆಯೇ. ಅದನ್ನೂ ಎಣಿಸಿ, ಬೇರೆ ಕೋಷ್ಟಕದಲ್ಲಿ ತೋರಿಸಿ. ಹೀಗೆ ಮಾಡಿದರೆ ಕೆಲಸ ಸಿಗದ ಹುಡುಗಿಯ ಸಂಕಟವೂ ಕಾಣುತ್ತದೆ, ಆಕೆ ತೊಳೆಯುವ ಪಾತ್ರೆಯೂ ಕಾಣುತ್ತದೆ. ನಮ್ಮ ಸಮೀಕ್ಷೆ ಈ ಬಿಗಿಯ ದಾರಿಯನ್ನು ಪೂರ್ತಿ ಹಿಡಿಯಲಿಲ್ಲ. ಹಿಡಿದಿದ್ದರೆ 41.7 ಎಂಬ ಅಂಕಿ ಎಷ್ಟಕ್ಕೆ ಇಳಿಯುತ್ತಿತ್ತೋ!

ಹಾಗಾದರೆ ಗೃಹಿಣಿಗೆ ಸಂಬಳ ಕೊಡಬೇಕೇ ಎಂದು ಕಿಚಾಯಿಸುವವರೂ ಇದ್ದಾರೆ. ಗೃಹಲಕ್ಷ್ಮಿಯ ಎರಡು ಸಾವಿರವೇ ದಂಡ ಎನ್ನುವ ಮಂದಿಗೆ ಹೀಗೆ ಅನಿಸುವುದು ಸಹಜ. 2023ರಲ್ಲಿ ಆ ಯೋಜನೆ ಬಂದಾಗ ಕೊಟ್ಟವರು ಅದನ್ನು ಉಡುಗೊರೆಯ ಹಾಗೆ ಕೊಟ್ಟರು, ಬೈದವರು ಬಿಟ್ಟಿ ಭಾಗ್ಯ ಎಂದರು. ವರ್ಷಾನುಗಟ್ಟಲೆ ಬಾಕಿಯಿದ್ದ ಹಣದಲ್ಲಿ ಒಂದು ಚೂರು ತೀರಿತು ಎಂದು ಎರಡೂ ಕಡೆಯವರಿಗೆ ಹೊಳೆಯಲಿಲ್ಲ. ನಾನು ಸಂಬಳದ ಚೀಟಿ ಹಂಚಿ ಎನ್ನುತ್ತಿಲ್ಲ. ಮನೆಗೆ ನಲ್ಲಿ ನೀರು ಬಂದರೆ, ಅಂಗನವಾಡಿ ಸಂಜೆಯವರೆಗೆ ತೆರೆದಿದ್ದರೆ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೆಸರಿಗೆ ಮಾತ್ರವಲ್ಲದ ಕೂಸಿನ ಮನೆ ಇದ್ದರೆ ಆ ಬಾಕಿ ಇನ್ನಷ್ಟು ತೀರುತ್ತದೆ. ಆದರೆ ಇವನ್ನೆಲ್ಲ ಬಜೆಟ್ಟಿನಲ್ಲಿ ಕೇಳಬೇಕಾದರೆ ಅಲ್ಲೊಂದು ಕೆಲಸ ನಡೆಯುತ್ತಿದೆ ಎಂದು ಮೊದಲು ಒಪ್ಪಬೇಕು. ಕೆಲಸವೇ ಇಲ್ಲದವಳಿಗೆ ಕೆಲಸ ಹಗುರ ಮಾಡುವ ಯೋಜನೆ ಯಾರು ಮಾಡುತ್ತಾರೆ?

ಕೊನೆಗೆ ಮಹಾ ದುಡಿಮೆಗಾರರ ಮಾತು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೊಸಿಸ್ ನಾರಾಯಣಮೂರ್ತಿ 2023ರಲ್ಲಿ ಹೇಳಿದರು. ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು 2025ರ ಜನವರಿಯಲ್ಲಿ ಹೊರಬಂತು, ಭಾನುವಾರ ಮನೆಯಲ್ಲಿ ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತ ಕೂರುತ್ತೀರಿ ಎಂಬ ಅರ್ಥದ ಟೀಕೆಯೊಂದಿಗೆ. ಇವರ ಕಲ್ಪನೆಯ ಮನೆಯಲ್ಲಿ ಯಾರೂ ಏನೂ ಮಾಡುತ್ತಿರುವುದಿಲ್ಲ, ಎಲ್ಲರೂ ಪರಸ್ಪರ ಮುಖ ನೋಡುತ್ತಿರುತ್ತಾರೆ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ಕೊಡುವ ಹೊತ್ತು ದಿನಕ್ಕೆ 289 ನಿಮಿಷ, ಮನೆಗೆಲಸ ಮಾಡುವ ಗಂಡಸಿನದು 88. 289ನ್ನು ಏಳರಿಂದ ಗುಣಿಸಿದರೆ ವಾರಕ್ಕೆ 33 ಗಂಟೆ ದಾಟುತ್ತದೆ, ಭಾನುವಾರ ರಜೆ ಇಲ್ಲ. ಪೀಣ್ಯದ ಗಾರ್ಮೆಂಟ್ಸಿನಲ್ಲಿ 48 ಗಂಟೆ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಂಗಸಿಗೆ ಇದನ್ನು ಸೇರಿಸಿದರೆ 81. ಹೊರಗೆ ದುಡಿಯುವವಳಿಗೆ ಮನೆಗೆಲಸ ಸರಾಸರಿಗಿಂತ ಕಡಿಮೆ ಇರಬಹುದು, ಸರಿ, ಅರ್ಧಕ್ಕೇ ಇಳಿಸೋಣ, ಆಗಲೂ 64. ನಾಯಕರು ಹೇಳುವ ಗುರಿಗೆ ಆಕೆ ಅವರಿಗಿಂತ ಮುಂಚೆಯೇ ಹತ್ತಿರ ಹೋಗಿ ನಿಂತಿದ್ದಾಳೆ, ಯಾವ ಷೇರು ಪಾಲೂ ಇಲ್ಲದೆ. ಮತ್ತೆ, 70 ಗಂಟೆ ಕಚೇರಿಯಲ್ಲಿ ಕೂರುವ ಯುವಕನ ಅಂಗಿ ಒಗೆದವರು, ಡಬ್ಬಿ ಕಟ್ಟಿದವರು, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿದವರು ಯಾರು? ಆ ಎಪ್ಪತ್ತರ ಕೆಳಗೆ ಇನ್ನೊಬ್ಬರ ಮೂವತ್ತು ಗಂಟೆ ಹಾಸಿದೆ. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಅದಕ್ಕೆ ಜಾಗವಿಲ್ಲ, ಸರಿ. ದೇಶದ ಲೆಕ್ಕದಲ್ಲೂ ಇರಬಾರದೇ?

2027ರ ಜನಗಣತಿ ಬಂದಿದೆ. ಗಣತಿಯ ಪ್ರಶ್ನೆಗಳು ಬದಲಾಗುವುದಿಲ್ಲ ಎನ್ನುವವರಿಗೆ ಹಳೆಯ ಗಣತಿಗಳೇ ಸಾಕ್ಷಿ. ಹೊಲದಲ್ಲಿ, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವುದೂ ಕೆಲಸ ಎಂಬ ಮಾತನ್ನು 1991ರ ಪ್ರಶ್ನೆಗೆ ಸೇರಿಸಲು ಮಹಿಳಾ ಸಂಘಟನೆಗಳು ಹೋರಾಡಬೇಕಾಯಿತು, ಸೇರಿತು. ಮನೆ ಬಳಕೆಗೆ ಹಾಲು ಕರೆಯುವುದೂ ಕೆಲಸ ಎಂದು 2001ರಲ್ಲಿ ಒಪ್ಪಿದರು. ಅಡಿಗೆಯನ್ನು, ಆರೈಕೆಯನ್ನು ಒಂದು ಪ್ರತ್ಯೇಕ ದುಡಿಮೆಯ ವರ್ಗವಾಗಿ ಬರೆದುಕೊಳ್ಳಲಿ, ಉತ್ತರವನ್ನು ಆಕೆಯ ಬಾಯಿಂದಲೇ ಕೇಳಲಿ, ಭಿಕ್ಷುಕರ ಸಾಲಿನಿಂದ ಎಬ್ಬಿಸಲಿ. ಇದಕ್ಕೆ ಸಂಸತ್ತಿನಲ್ಲಿ ಮಸೂದೆ ಬೇಕಿಲ್ಲ. ಗಣತಿಯ ಪ್ರಶ್ನೆಗಳನ್ನು 1948ರ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರ ರಾಜ್ಯಪತ್ರದ ಅಧಿಸೂಚನೆಯಲ್ಲೇ ಗೊತ್ತುಪಡಿಸುತ್ತದೆ.